ದೇಣಿಗೆ ಇಳಿದ ಅನಾಥಾಲಯವನ್ನು ಬೇಕರಿ ಸಾಕಬಲ್ಲುದೇ?

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಅನಾಥಾಲಯಗಳ ಆಡಳಿತ ಸಭೆಯಲ್ಲಿ ಹಣದ ಮಾತು ಬಂದರೆ ಮೂರು ಸಲಹೆಗಳು ತಪ್ಪದೆ ಬರುತ್ತವೆ: ಕೋಳಿ ಸಾಕೋಣ, ಬೇಕರಿ ಹಾಕೋಣ, ಹೊಲಿಗೆ ಯಂತ್ರ ತರೋಣ. ಯಂತ್ರ ಕೊಡಿಸಲು ದಾನಿಗಳೂ ಸಿಗುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಓವನ್ ದಾಸ್ತಾನು ಕೋಣೆಯಲ್ಲಿ ಗೋಣಿಚೀಲದಡಿ ಸೇರಿರುತ್ತದೆ. ಸ್ವಾವಲಂಬನೆಯ ಆಲೋಚನೆಯಲ್ಲಿ ತಪ್ಪೇನಿಲ್ಲ. ಯಾವ ಖರ್ಚನ್ನು ಯಾವ ಆದಾಯದಿಂದ ತುಂಬಬೇಕೆಂದು ಲೆಕ್ಕ ಹಾಕದೆ ಇಳಿಯುವುದೇ ಸೋಲಿನ ಮೂಲ.

ಈ ಮಾತು ಈಗ ಜೋರಾಗಲು ಕಾರಣ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ. 2010ರ ಈ ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ಬಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ದೇಣಿಗೆ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದಿತು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಷೇಧಿಸಿತು. ಸಣ್ಣ ಅನಾಥಾಲಯಗಳಿಗೆ ನಿಜವಾದ ಪೆಟ್ಟು ಈ ಕೊನೆಯದು. ಸ್ವಂತ ನೋಂದಣಿಯಿಲ್ಲದೆ ದೊಡ್ಡ ಸಂಸ್ಥೆಯೊಂದರ ಮೂಲಕ ಹಣ ಪಡೆಯುತ್ತಿದ್ದವರ ದಾರಿ ಅಲ್ಲಿಗೇ ಮುಚ್ಚಿತು. ಮಗುವಿಗೊಬ್ಬ ಪ್ರಾಯೋಜಕ ಎಂಬ ಪದ್ಧತಿಯಲ್ಲಿ ದೊಡ್ಡ ಮೊತ್ತ ತರುತ್ತಿದ್ದ ಅಮೆರಿಕದ ಕ್ರೈಸ್ತ ಸಂಸ್ಥೆ ಕಂಪ್ಯಾಷನ್ ಇಂಟರ್‌ನ್ಯಾಷನಲ್ 2017ರ ಮಾರ್ಚ್‌ನಲ್ಲೇ ಭಾರತದಿಂದ ಹೊರನಡೆದಿತ್ತು.

ಕರಾವಳಿಗೆ ಇದರ ಹಳೆಯ ಪಾಠವೊಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್, ಮತಾಂತರದಿಂದ ಜಾತಿಯ ಕಸುಬು ಕಳೆದುಕೊಂಡವರಿಗೆ ಬದುಕು ಕಟ್ಟಿಕೊಡಲು ಹಲವು ಪ್ರಯೋಗ ಮಾಡಿತು. ಗದಗ ಸಮೀಪದ ಮಲಸಮುದ್ರದ ಕೃಷಿ ವಸಾಹತು ಕೈಗೂಡಲಿಲ್ಲ. ನೇಯ್ಗೆ, ಮುದ್ರಣ, ಹೆಂಚು ನೆಲೆಯೂರಿದವು. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಗೆ ಮಣ್ಣು ಊರಿನದೇ, ಗಿರಾಕಿ ಮಾತ್ರ ಊರಾಚೆಗೂ ಇದ್ದ. ಅದಕ್ಕೂ ಮುಂಚೆ, 1859ರಲ್ಲೇ, ವ್ಯಾಪಾರವನ್ನು ಧರ್ಮಪ್ರಚಾರದಿಂದ ಬೇರ್ಪಡಿಸಿ ಪ್ರತ್ಯೇಕ ಬಂಡವಾಳದ ಕಂಪೆನಿಯೊಂದನ್ನು ಕಟ್ಟಲಾಗಿತ್ತು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆರಂಭಿಸಿದ ಹೋಮಿಯೋಪಥಿ ಔಷಧಾಲಯ ಆಮೇಲೆ ಔಷಧ ತಯಾರಿಕೆಗೂ ಆಸ್ಪತ್ರೆಗೂ ಬೆಳೆಯಿತು. ಇವೆಲ್ಲ ವಯಸ್ಕರು ಸಂಬಳಕ್ಕೆ ದುಡಿದ, ಕಸುಬು ಬಲ್ಲವರು ನಡೆಸಿದ ಉದ್ಯಮಗಳು. ಇಂದು ಬೇಕರಿ ಹಾಕಹೊರಟವರು ಮರೆಯುವುದೂ ಅದನ್ನೇ.

ಮೊದಲು ಮನೆಯ ಲೆಕ್ಕ

40 ಮಕ್ಕಳ ಒಂದು ಮನೆ ಎಂದಿಟ್ಟುಕೊಳ್ಳೋಣ. ಊಟ, ತಿಂಡಿ, ಹಾಲಿಗೆ ತಿಂಗಳಿಗೆ 90,000 ರೂ., ಸಿಬ್ಬಂದಿಗೆ 80,000, ಶಾಲೆ, ಔಷಧ, ಕರೆಂಟು, ರಿಪೇರಿ ಸೇರಿ 70,000. ಒಟ್ಟು 2.4 ಲಕ್ಷ. ಇಲ್ಲಿಯ ದರಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು, ನಿಮ್ಮೂರಿನ ದರ ಹಾಕಿ ಮತ್ತೆ ಕೂಡಿಸಿ ನೋಡಬೇಕು. ಚೆನ್ನಾಗಿ ನಡೆಯುವ ಸಣ್ಣ ಉದ್ಯಮ ತಿಂಗಳಿಗೆ 15ರಿಂದ 25 ಸಾವಿರ ಉಳಿಸಿದರೆ ಅದೇ ದೊಡ್ಡದು. ಅಂದರೆ ಹೆಚ್ಚೆಂದರೆ ಸುಮಾರು ಹತ್ತನೇ ಒಂದು ಪಾಲು. ಆದ್ದರಿಂದ ‘ಸಂಸ್ಥೆ ಸ್ವಾವಲಂಬಿಯಾಗಬೇಕು’ ಎಂಬ ಗುರಿ ಸಭೆಯಲ್ಲಿ ಕೇಳಲು ಚೆಂದ, ಲೆಕ್ಕಪುಸ್ತಕದಲ್ಲಿ ನಿಲ್ಲುವುದಿಲ್ಲ. ‘ಅಕ್ಕಿ, ಗ್ಯಾಸಿನ ಖರ್ಚು ನಮ್ಮದೇ ದುಡಿಮೆಯಲ್ಲಿ ಹೋಗಬೇಕು’ ಎಂದು ಒಂದೇ ಖರ್ಚನ್ನು ಹಿಡಿದರೆ ಅದು ಸಾಧ್ಯವಾಗುವ ಗುರಿ.

ಕೋಳಿಯಿಂದಲೇ ಹೊರಡೋಣ. ಮಕ್ಕಳು, ಸಿಬ್ಬಂದಿ ಸೇರಿ 48 ಮಂದಿ, ವಾರಕ್ಕೆ ತಲಾ ನಾಲ್ಕು ಮೊಟ್ಟೆ ಎಂದರೆ 192. ಶೇ. 80ರಷ್ಟು ಇಡುವ 35 ಹೇಂಟೆ ಸಾಕು. ಒಂದು ಹೇಂಟೆ ದಿನಕ್ಕೆ 110 ಗ್ರಾಂ ಆಹಾರ ತಿನ್ನುತ್ತದೆ. ಕೆ.ಜಿ.ಗೆ 34 ರೂ. ಆದರೆ ಮೊಟ್ಟೆಯೊಂದಕ್ಕೆ ಆಹಾರವೇ 4.70 ರೂ. ಬೀಳುತ್ತದೆ. ಮೊಟ್ಟೆಗೆ ಬಂದ ಹೇಂಟೆಗೆ 400 ರೂ. ಕೊಟ್ಟು, ವರ್ಷದಲ್ಲಿ 290 ಮೊಟ್ಟೆ ಪಡೆದು, ಕೊನೆಗೆ 120ಕ್ಕೆ ಮಾರಿದರೆ ಇನ್ನೂ ಒಂದು ರೂಪಾಯಿ ಸೇರುತ್ತದೆ. ಲಸಿಕೆ, ಮರದ ಹೊಟ್ಟು, ದೀಪ ಸೇರಿಸಿದರೆ ಆರು ರೂಪಾಯಿ. ಅಂಗಡಿಯಲ್ಲಿ ಏಳಕ್ಕೆ ಸಿಗುವುದಾದರೆ ಉಳಿತಾಯ ತಿಂಗಳಿಗೆ ಎಂಟುನೂರು ಚಿಲ್ಲರೆ. ಅದೂ ನೋಡಿಕೊಳ್ಳುವವರಿಗೆ ಪ್ರತ್ಯೇಕ ಸಂಬಳವಿಲ್ಲದಿದ್ದರೆ.

ಹಾಗಾದರೆ 500 ಕೋಳಿ ಸಾಕಿ ಮಾರುವುದೇ? ಆಗ ಪೈಪೋಟಿ ಮೊಟ್ಟೆ ಉದ್ಯಮದ ದೊಡ್ಡ ಕೇಂದ್ರವಾದ ತಮಿಳುನಾಡಿನ ನಾಮಕ್ಕಲ್ ಜೊತೆ. ಸಗಟು ದರ ಒಂದು ರೂಪಾಯಿ ಇಳಿದರೆ ದಿನಕ್ಕೆ 400 ಮೊಟ್ಟೆಯ ಲೆಕ್ಕದಲ್ಲಿ ತಿಂಗಳಿಗೆ 12,000 ರೂ. ಹೋಯಿತು. ಜೊತೆಗೆ ಕರಾವಳಿಯ ಮಳೆಗಾಲ. ಇರಿಚಲು ಹೊಡೆದು ನೆಲದ ಹೊಟ್ಟು ಒದ್ದೆಯಾದರೆ ಅಮೋನಿಯಾ ಏಳುತ್ತದೆ, ರಕ್ತಭೇದಿ ಹರಡುತ್ತದೆ, ಮೊಟ್ಟೆ ಇಡುವುದು ದಿಢೀರನೆ ಕುಸಿಯುತ್ತದೆ. ಹೊಟ್ಟನ್ನು ಎರಡು ದಿನಕ್ಕೊಮ್ಮೆ ಕೆದಕುವುದು, ತೇವ ಕಂಡಲ್ಲಿ ಸುಣ್ಣ ಬೆರೆಸುವುದು, ಪಕ್ಕದ ಜಾಲರಿಗೆ ಇಳಿಬಿಟ್ಟ ಸೂರು ಕಟ್ಟುವುದು ಬಿಟ್ಟು ಬೇರೆ ಉಪಾಯವಿಲ್ಲ. ಕೋಳಿಯನ್ನು ಅಡುಗೆಮನೆಯ ಅಗತ್ಯದಷ್ಟಕ್ಕೆ ನಿಲ್ಲಿಸುವುದು ಜಾಣತನ.

ಹಸುವಿನ ವಿಚಾರ ಒಂದೇ ಷರತ್ತಿನದು: ಹುಲ್ಲು ಸ್ವಂತದ್ದೇ? ಹಾಲು ಕೊಡುವ ಹಸುವಿಗೆ ದಿನಕ್ಕೆ 25 ಕೆ.ಜಿ.ಯಷ್ಟು ಹಸಿಹುಲ್ಲು, ಐದು ಕೆ.ಜಿ. ಬೈಹುಲ್ಲು, ದೇಹಕ್ಕೆ ಒಂದೂವರೆ ಕೆ.ಜಿ., ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಪಶು ಆಹಾರ ಬೇಕು. ಘಟ್ಟದ ಮೇಲಿನಿಂದ ಬೈಹುಲ್ಲು ತರಿಸಿ, ಕೆಲಸದವನಿಗೆ ಸಂಬಳ ಕೊಟ್ಟು, ಹಸಿಹುಲ್ಲನ್ನೂ ಕೊಂಡರೆ ನಷ್ಟ ಖಚಿತ. ಜಾಗವಿದ್ದು ನೇಪಿಯರ್ ಹುಲ್ಲು ಬೆಳೆದರೆ ಹಾಲಿನ ಖರ್ಚು ಸರಿದೂಗುತ್ತದೆ, ಲಾಭ ಸಗಣಿಯಲ್ಲಿ. ಎರಡು ಘನ ಮೀಟರ್ ಗೋಬರ್ ಗ್ಯಾಸಿಗೆ ದಿನಕ್ಕೆ 50 ಕೆ.ಜಿ. ಸಗಣಿ, ಅಂದರೆ ನಾಲ್ಕೈದು ಹಸು ಬೇಕು. ಅದು ತಿಂಗಳಿಗೆ ಸುಮಾರು 26 ಕೆ.ಜಿ. ಎಲ್‌ಪಿಜಿಗೆ ಸಮ. ಎರಡು ಹಸುವಿಗೆ ಎರಡು ಘನ ಮೀಟರ್ ಗುಂಡಿ ತೋಡಿಸಿ, ಉರಿ ಬರುವುದಿಲ್ಲವೆಂದು ಗೊಣಗುವವರು ಕಡಿಮೆಯಿಲ್ಲ.

ಬ್ರೆಡ್ ಏಕೆ ಕೈಕೊಡುತ್ತದೆ

ಬೇಕರಿ ಎಲ್ಲರ ಮೆಚ್ಚಿನದು, ಹಾಗಾಗಿ ಸ್ವಲ್ಪ ವಿವರವಾಗಿ ನೋಡಬೇಕು. 10 ಕೆ.ಜಿ. ಮೈದಾಕ್ಕೆ ಆರು ಲೀಟರ್‌ಗೆ ತುಸು ಕಡಿಮೆ ನೀರು, 100 ಗ್ರಾಂ ಒಣ ಈಸ್ಟ್, 180 ಗ್ರಾಂ ಉಪ್ಪು, 400 ಗ್ರಾಂ ಸಕ್ಕರೆ, 300 ಗ್ರಾಂ ಕೊಬ್ಬು. ಸುಮಾರು ಹದಿನೇಳು ಕೆ.ಜಿ. ಹಿಟ್ಟಿನಿಂದ 455 ಗ್ರಾಮಿನ 37 ಉಂಡೆ ಬರುತ್ತವೆ. ಬೇಯುವಾಗ ಹತ್ತು ಹನ್ನೆರಡು ಶೇಕಡಾ ತೂಕ ಇಳಿದು 400 ಗ್ರಾಮಿನ ಬ್ರೆಡ್ ಆಗುತ್ತದೆ. 210 ಡಿಗ್ರಿ ಸೆಲ್ಸಿಯಸ್‌ನಲ್ಲಿ 25ರಿಂದ 30 ನಿಮಿಷ ಬೇಯಬೇಕು, ಒಳಗಿನ ಬಿಸಿ 95 ಡಿಗ್ರಿ ದಾಟಬೇಕು.

ಕೆಡುವುದು ಹೆಚ್ಚಾಗಿ ಇದಾದ ಮೇಲೆ. ಅಂಗಡಿಗಳಿಗೆ ಹಂಚುವ ಲೈನ್ ವ್ಯಾನ್ ಹೊರಡುತ್ತದೆಂಬ ಗಡಿಬಿಡಿಯಲ್ಲಿ ಬಿಸಿ ಬ್ರೆಡ್ಡನ್ನೇ ಹೋಳು ಮಾಡಿ ಪ್ಯಾಕೆಟ್ಟಿಗೆ ತುಂಬುತ್ತಾರೆ. ಒಳಗೆ ಹಬೆ ನೀರಾಗಿ ಇಳಿದು ಜೂನ್–ಜುಲೈಯಲ್ಲಿ ಮೂರನೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಒಳಭಾಗ 35 ಡಿಗ್ರಿಗೆ ಇಳಿಯುವ ತನಕ, ಅಂದರೆ ಎರಡು ಗಂಟೆಯಾದರೂ, ಜಾಲರಿ ಹಲಗೆಯ ಮೇಲೆ ಆರಿಸಲೇಬೇಕು. ಹೋಳು ಮಾಡುವ ಬ್ಲೇಡನ್ನು ದಿನವೂ ಒರೆಸದಿದ್ದರೆ ಬೂಸ್ಟಿನ ಬೀಜ ಅಲ್ಲಿಂದಲೇ ಪ್ರತಿ ಬ್ರೆಡ್ಡಿಗೂ ಹಬ್ಬುತ್ತದೆ. ಬೇಸಿಗೆಯಲ್ಲಿ ಬ್ರೆಡ್ಡಿನ ನಡುವೆ ಅಂಟು ನೂಲು ಎದ್ದು ಕಳಿತ ಅನಾನಸ್ ಹಣ್ಣಿನ ವಾಸನೆ ಬಂದರೆ ಅದು ಬೂಸ್ಟಲ್ಲ, ಮೈದಾದ ಜೊತೆ ಬಂದು ಓವನ್ ಬಿಸಿಯಲ್ಲೂ ಉಳಿಯುವ ಬ್ಯಾಕ್ಟೀರಿಯಾ. ಆಗ ಆ ದಾಸ್ತಾನು ಬದಲಿಸಿ, ಮೇಜು, ನಾದುವ ಯಂತ್ರಗಳನ್ನು ವಿನೆಗರ್ ಹಾಕಿ ತೊಳೆಯುವುದೇ ಪರಿಹಾರ.

ಈಗ ಹಣ. 45 ರೂ. ಎಂಆರ್‌ಪಿಯ ಬ್ರೆಡ್ ಅಂಗಡಿಗೆ 36ಕ್ಕೆ ಹೋಗುತ್ತದೆ. ಸಾಮಾನು, ಪ್ಯಾಕೆಟ್, ಇಂಧನ, ಸಾಗಾಟಕ್ಕೆ 24. ಉಳಿಯುವುದು 12. ಒಬ್ಬ ಬೇಕರ್, ಒಬ್ಬ ಸಹಾಯಕನಿಗೆ ತಿಂಗಳಿಗೆ 34,000, ರಿಪೇರಿ, ಕರೆಂಟಿನ ಕನಿಷ್ಠ ಶುಲ್ಕ ಇತ್ಯಾದಿಗೆ 8,000. ದಿನಕ್ಕೆ 100 ಬ್ರೆಡ್, ತಿಂಗಳಿಗೆ 26 ದಿನ ಮಾಡಿದರೆ ಬರುವುದು 31,200. ಸಂಬಳಕ್ಕೂ ಸಾಲದು. 200 ಮಾಡಿದರೆ 62,400 ಬಂದು 20,400 ಉಳಿಯುತ್ತದೆ. ಆದರೆ ಅಂಗಡಿಯವರು ಮಾರದೆ ಉಳಿದದ್ದನ್ನು ವಾಪಸು ಕೊಡುತ್ತಾರೆ. ಹತ್ತು ಶೇಕಡಾ ವಾಪಸು ಬಂದರೆ ತಿಂಗಳಿಗೆ 520 ಬ್ರೆಡ್, 18,720 ರೂ. ಕೈಗೆ ಸಿಗುವುದು 1,680 ರೂಪಾಯಿ! ವಾಪಸು ಬಂದದ್ದನ್ನು, ಬೂಸ್ಟು ಹಿಡಿಯುವ ಮುಂಚೆ, ರಸ್ಕ್ ಮಾಡಿ ಮಕ್ಕಳ ಸಂಜೆಯ ಚಹಾಕ್ಕೆ ಕೊಟ್ಟರೆ ಸ್ವಲ್ಪ ಉಳಿದೀತು, ಅಷ್ಟೆ.

ಇನ್ನೊಂದು ಗುಂಡಿ ದುಡಿಯುವ ಬಂಡವಾಳ. ಅಂಗಡಿಗಳು 15 ದಿನದ ಸಾಲ ಕೇಳುತ್ತವೆ. ದಿನಕ್ಕೆ 200 ಬ್ರೆಡ್, ತಲಾ 24 ರೂ. ಖರ್ಚಿನ ಲೆಕ್ಕದಲ್ಲಿ 72,000 ರೂ. ಸದಾ ಬೀದಿಯಲ್ಲೇ ಇರುತ್ತದೆ. ಯಂತ್ರ ಕೊಟ್ಟ ದಾನಿ ಇದಕ್ಕೆ ಕೊಟ್ಟಿರುವುದಿಲ್ಲ. ಮನೆಯ ದಿನಸಿ ಖಾತೆಯಿಂದ ತೆಗೆದು ಮೈದಾ ತರುವುದು ಶುರುವಾಯಿತೆಂದರೆ ಉದ್ಯಮವು ಮಕ್ಕಳ ಊಟ ತಿನ್ನತೊಡಗಿತು ಎಂದರ್ಥ. ಓವನ್ ಬೆಲೆಯ ಜೊತೆ ಮೂರು ತಿಂಗಳ ಸಂಬಳ ಹಾಗೂ ಸಾಮಾನಿನ ಹಣ ಕೈಯಲ್ಲಿಲ್ಲದೆ ಓವನ್ ಸ್ವೀಕರಿಸಲೇಬಾರದು.

ಅಂಗಡಿಯ ಬದಲು ನಿಗದಿತ ಗಿರಾಕಿ ಹಿಡಿಯುವುದರಲ್ಲಿ ಚರ್ಚ್ ಸಂಸ್ಥೆಗಳಿಗೆ ಬೇರೆಯವರಿಗಿಲ್ಲದ ಅನುಕೂಲವಿದೆ: ಕಾನ್ವೆಂಟ್ ಹಾಸ್ಟೆಲುಗಳು, ಮಿಷನ್ ಆಸ್ಪತ್ರೆಗಳ ಕ್ಯಾಂಟೀನು, ಶಾಲೆಗಳು. ಬೆಳಗ್ಗೆ ಇಷ್ಟು ಎಂದು ಹಿಂದಿನ ಸಂಜೆಯೇ ಎಣಿಕೆ ಬರುತ್ತದೆ, ವಾಪಸು ಇಲ್ಲ. ದಿನದ 200ರಲ್ಲಿ 150 ಹೀಗೆ ಮೊದಲೇ ಗೊತ್ತಾಗಿದ್ದರೆ ಮಾತ್ರ ಬೇಕರಿ ಹಾಕಬಹುದು. ಕರುಣೆಯಿಂದ ಒಂದು ತಿಂಗಳು ಕೊಳ್ಳುವ ಗಿರಾಕಿಯನ್ನು ಈ 150ರಲ್ಲಿ ಸೇರಿಸಕೂಡದು.

ಕುಸ್ವಾರ್ ಲೆಕ್ಕ

ಇದಕ್ಕೆ ಹೋಲಿಸಿದರೆ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿಗೆ ಮಾಡಿ ಹಂಚುವ ತಿಂಡಿಗಳ ಬಗ್ಗೆ ಸಭೆಗಳಲ್ಲಿ ಯಾಕೆ ಯಾರೂ ಮಾತೆತ್ತುವುದಿಲ್ಲವೋ! ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ ಮನೆಯಲ್ಲೇ ಮಾಡುವ ಕುಟುಂಬಗಳು ಕಡಿಮೆಯಾಗಿವೆ, ಹಂಚುವ ಪದ್ಧತಿ ಉಳಿದಿದೆ. ನವೆಂಬರ್ ನಡುವಿನಿಂದ 35 ದಿನ, ಆರು ಮಹಿಳೆಯರು, ತಲಾ ದಿನಕ್ಕೆ ಐದು ಕೆ.ಜಿ.ಯಂತೆ 1,050 ಕೆ.ಜಿ. ಕೂಲಿ ದಿನಕ್ಕೆ 600 ಎಂದರೆ ಕೆ.ಜಿ.ಗೆ 120. ಸಾಮಾನು 330, ಡಬ್ಬಿ 40, ಗ್ಯಾಸು, ಸಾಗಾಟ 30. ಒಟ್ಟು 520. ಕೆ.ಜಿ.ಗೆ 700ರಂತೆ ಹೋದರೆ 1,89,000 ರೂ. ಉಳಿಯುತ್ತದೆ. ಒಂದೂ ಬ್ರೆಡ್ ವಾಪಸು ಬರದ ಬೇಕರಿ ಒಂಬತ್ತು ತಿಂಗಳು ದುಡಿಯುವಷ್ಟು.

ಆದರೆ ಸಾವಿರ ಕೆ.ಜಿ. ತಾನಾಗಿ ಖರ್ಚಾಗದು. ಮೂರ್ನಾಲ್ಕು ಚರ್ಚ್‌ಗಳ ವಾರ್ಡುಗಳಲ್ಲಿ ಅಕ್ಟೋಬರ್‌ನಲ್ಲೇ ಅರ್ಧ ಹಣ ಮುಂಗಡ ಪಡೆದು ಆರ್ಡರ್ ಬರೆಸಿಕೊಳ್ಳಬೇಕು. ಆ ಮುಂಗಡದಲ್ಲೇ ತುಪ್ಪ, ಗೋಡಂಬಿ ಬಂದುಬಿಡುತ್ತದೆ. ತಯಾರಿಕೆಯಲ್ಲಿ ಹಳೆಯ ಕೈಗಳು ಬೇಕು. ನೆವ್ರಿಯ ಹೂರಣದ ಕಾಯಿತುರಿಯಲ್ಲಿ ಪಸೆ ಉಳಿದರೆ ವಾರದಲ್ಲಿ ಮುಗ್ಗಲು ವಾಸನೆ. ಗರಿಗರಿಯಾಗುವಷ್ಟು ಹುರಿದು, ಪೂರ್ತಿ ಆರಿಸಿ ತುಂಬಬೇಕು. ಕಿಡಿಯೊಗೆ ಪಾಕ ಎಳೆಯದಾದರೆ ಡಬ್ಬಿಯಲ್ಲಿ ನೀರೊಡೆದು ಒಂದಕ್ಕೊಂದು ಅಂಟುತ್ತದೆ, ಬಲಿತರೆ ಪುಡಿಯಾಗಿ ಉದುರುತ್ತದೆ. ಕರಿದ ಎಣ್ಣೆಯ ಒಟ್ಟು ಧ್ರುವೀಯ ಅಂಶ, ಅಂದರೆ ಮತ್ತೆ ಮತ್ತೆ ಕಾದು ಎಣ್ಣೆ ಕೆಟ್ಟಾಗ ಹುಟ್ಟುವ ಅಂಶ, 25 ಶೇಕಡಾ ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವಿದೆ. ಎಣ್ಣೆ ಕಪ್ಪಾಗಿ ನೊರೆ ಕಟ್ಟಿದ ಮೇಲೆ ಹೊಸದನ್ನು ಸುರಿದು ಸರಿಮಾಡಲು ಹೋಗಬೇಡಿ, ಎರಡೂ ಹಾಳು.

ಮೇಣದಬತ್ತಿಗೂ ಗಿರಾಕಿ ಚರ್ಚೇ, ನವೆಂಬರ್ 2ರ ಮೃತರ ಸ್ಮರಣೆಗಂತೂ ರಾಶಿ ಬೇಕು. ಅಲ್ಲಿ ಮೇಣವನ್ನು ನೇರ ಉರಿಗಿಡದೆ ಬಿಸಿನೀರಿನ ಪಾತ್ರೆಯೊಳಗೆ ಕರಗಿಸಬೇಕು, ಹತ್ತಿಕೊಂಡರೆ ನೀರು ಹಾಕದೆ ಮುಚ್ಚಳ ಮುಚ್ಚಬೇಕು. ಸಮವಸ್ತ್ರ ಹೊಲಿಗೆಯಲ್ಲಿ ಏಪ್ರಿಲ್‌ನಲ್ಲಿ ಬಟ್ಟೆಗೆ ಹಣ ಹಾಕಿ ಜುಲೈವರೆಗೆ ಕಾಯುವ ತಾಕತ್ತಿರಬೇಕು. ಪೇಟೆಯಲ್ಲಿ ರಸ್ತೆಬದಿಯ ಜಾಗವಿರುವ ಹಳೆಯ ಸಂಸ್ಥೆಗಳಿಗೆ ಇವೆಲ್ಲಕ್ಕಿಂತ ಎರಡು ಅಂಗಡಿ ಕೋಣೆ ಕಟ್ಟಿ ಬಾಡಿಗೆಗೆ ಕೊಡುವುದೇ ಭದ್ರ. ಸ್ವಾವಲಂಬನೆಯ ಭಾಷಣಕ್ಕೆ ಒದಗದು ಎಂಬುದೊಂದೇ ಕೊರತೆ.

ಮಕ್ಕಳ ಕೈ, ಮಕ್ಕಳ ಮುಖ

‘ಮಕ್ಕಳೇ ಸೇರಿ ಮಾಡಿದರೆ ಕೂಲಿ ಉಳಿಯುತ್ತದಲ್ಲ, ಕಸುಬೂ ಕಲಿತಂತಾಯಿತು’ ಎನ್ನುವವರಿದ್ದಾರೆ. ಇಲ್ಲಿ ಕಾನೂನು ಖಡಕ್ಕಾಗಿದೆ. 2016ರ ತಿದ್ದುಪಡಿಯ ನಂತರ 14ರೊಳಗಿನವರ ದುಡಿಮೆಗೆ ಬಾಲಕಾರ್ಮಿಕ ಕಾಯ್ದೆಯಲ್ಲಿ ಸಂಪೂರ್ಣ ನಿಷೇಧ. ಸ್ವಂತ ಕುಟುಂಬದ ಉದ್ಯಮಕ್ಕೆ ಕೊಟ್ಟ ವಿನಾಯಿತಿ ಅನಾಥಾಲಯಕ್ಕೆ ದಕ್ಕದು, ಅದು ಕುಟುಂಬವಲ್ಲ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 79ರಂತೆ, 18ರೊಳಗಿನವರನ್ನು ದುಡಿಮೆಗಾಗಿ ಕಟ್ಟಿಹಾಕುವುದು, ಅವರ ಗಳಿಕೆಯನ್ನು ತಡೆಹಿಡಿಯುವುದು ಅಥವಾ ತನ್ನ ಉದ್ದೇಶಕ್ಕೆ ಬಳಸುವುದು ಐದು ವರ್ಷದವರೆಗಿನ ಕಠಿಣ ಸಜೆ ಮತ್ತು ಒಂದು ಲಕ್ಷ ರೂ. ದಂಡದ ಅಪರಾಧ. ಮಕ್ಕಳ ದುಡಿಮೆಯಿಂದ ಸಂಸ್ಥೆಯ ಅಕ್ಕಿ ತರುವುದು ಸೇವೆಯೆಂದು ನಿರ್ವಾಹಕರಿಗೆ ಕಂಡೀತು, ತನಿಖಾಧಿಕಾರಿ ಅದನ್ನು ಈ ಸೆಕ್ಷನ್ನಿನಡಿ ಓದಬಹುದು. ದೊಡ್ಡ ಮಕ್ಕಳಿಗೆ ವೃತ್ತಿ ತರಬೇತಿ ಕೊಡಲು ಅಡ್ಡಿಯಿಲ್ಲ. ಆದರೆ ತರಬೇತಿಯ ಹಿಟ್ಟು ಬೇರೆ, ಸಮಯ ಬೇರೆ, ಅದರಲ್ಲಾದ ಬ್ರೆಡ್ ಮಾರಾಟಕ್ಕೆ ಹೋಗಬಾರದು. 18 ತುಂಬಿ ಹೊರಹೋಗುವ ಯುವಕ ಯುವತಿಯರಿಗೆ ಅಲ್ಲಿಯೇ ಪೂರ್ಣ ಸಂಬಳದ ಕೆಲಸ ಸಿಕ್ಕರೆ, ಉದ್ಯಮದ ನಿಜವಾದ ಉಪಯೋಗ ಅದು.

ಡಬ್ಬಿಯ ಮೇಲೆ ಮಕ್ಕಳ ಫೋಟೊ ಹಾಕಿ, ‘ಈ ಕಂದಮ್ಮಗಳಿಗಾಗಿ’ ಎಂದು ವಾಟ್ಸ್ಯಾಪಿನಲ್ಲಿ ಹರಿಯಬಿಡುವುದೂ ಅದೇ ಕಾಯ್ದೆಯ ಸೆಕ್ಷನ್ 74ಕ್ಕೆ ಸಿಕ್ಕಿಬೀಳುತ್ತದೆ. ಪಾಲನೆ, ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಬಯಲಾಗುವಂಥದ್ದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ ಇಲ್ಲವೇ ಎರಡೂ ಇವೆ. ಬೇಕರಿಗೆ ಬರುವ ಹೊರಗಿನ ಕೆಲಸಗಾರರಿಗೆ ಪೊಲೀಸ್ ಪರಿಶೀಲನೆ, ಬೇರೆ ಗೇಟು, ಮಕ್ಕಳ ವಾಸದ ಕಡೆಗೆ ತೆರೆಯದ ಗೋಡೆ ಬೇಕೇ ಬೇಕು. ಈ ಗೋಡೆಯ ಖರ್ಚನ್ನು ಯೋಜನಾ ವರದಿಯಲ್ಲಿ ಯಾರೂ ಬರೆಯುವುದಿಲ್ಲ.

ಲೆಕ್ಕಪತ್ರದ ಮೂರು ಬಲೆ

ವಿದೇಶಿ ದೇಣಿಗೆಯಿಂದ ಓವನ್ ಕೊಂಡರೆ ಏನಾಗುತ್ತದೆ? ಆ ದೇಣಿಗೆಯಿಂದ ಹುಟ್ಟಿದ ಆದಾಯವೂ ವಿದೇಶಿ ದೇಣಿಗೆಯೇ ಎನ್ನುತ್ತದೆ ಎಫ್‌ಸಿಆರ್‌ಎ. ಬ್ರೆಡ್ ಮಾರಿದ ದುಡ್ಡಿಗೂ ಅದೇ ಖಾತೆ, ಅದೇ ವಾರ್ಷಿಕ ವರದಿ. ವಿದೇಶಿ ಹಣದ ಹಂಗು ಕಡಿಮೆಯಾಗಲೆಂದು ಹೂಡಿದ ಉದ್ಯಮವೇ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಯಂತ್ರಕ್ಕೆ ಸ್ಥಳೀಯ ಹಣವನ್ನೇ ಬಳಸಬೇಕು.

ಎರಡನೆಯದು ಆದಾಯ ತೆರಿಗೆ. 1961ರ ಕಾಯ್ದೆಯ ಸೆಕ್ಷನ್ 11(4ಎ) ಪ್ರಕಾರ ಧರ್ಮಾರ್ಥ ಟ್ರಸ್ಟಿನ ವ್ಯಾಪಾರ ಅದರ ಉದ್ದೇಶಕ್ಕೆ ಪೂರಕವಾಗಿರಬೇಕು, ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಇರಬೇಕು. 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾದರೂ ಈ ತತ್ವ ಹೋಗಿಲ್ಲ. ಬೇಕರಿಗೆಂದು ತಂದ ಎಣ್ಣೆ ಡಬ್ಬ ಅಡುಗೆಮನೆಗೆ ಹೋದರೆ ಅದಕ್ಕೊಂದು ಚೀಟಿ ಬರೆದು ಬೆಲೆ ಹಾಕಬೇಕು. ಮಕ್ಕಳು ತಿಂದ ಬ್ರೆಡ್ಡಿಗೂ ಬಿಲ್ ಆಗಬೇಕು, ಇಲ್ಲದಿದ್ದರೆ ಉದ್ಯಮ ಲಾಭದಲ್ಲಿದೆಯೋ ಇಲ್ಲವೋ ಎಂಬುದು ಸಂಸ್ಥೆಗೇ ತಿಳಿಯದು. ಬೇರೆ ಪ್ರೈವೇಟ್ ಕಂಪೆನಿ ಮಾಡಿ ಟ್ರಸ್ಟಿನ ಹಣವನ್ನು ಅದರ ಷೇರಿಗೆ ಹಾಕುವ ಉಪಾಯ ನಡೆಯುವುದಿಲ್ಲ. ಟ್ರಸ್ಟಿನ ಹಣ ಎಲ್ಲಿ ಹೂಡಬಹುದೆಂಬುದಕ್ಕೆ ಕಾಯ್ದೆಯಲ್ಲೇ ಪಟ್ಟಿಯಿದೆ, ಅಂಥ ಷೇರು ಅದರಲ್ಲಿಲ್ಲ. ಸಂಸ್ಥೆಯಿಂದ ಬೆಳೆದು ಹೊರಬಂದವರು ಅಥವಾ ಊರಿನ ಚರ್ಚಿನ ಮಹಿಳೆಯರ ಸ್ವಸಹಾಯ ಸಂಘ ತಮ್ಮದೇ ಹಣದಲ್ಲಿ ಉದ್ಯಮ ನಡೆಸಿ, ಸಂಸ್ಥೆಯ ಕೋಣೆಗೆ ಬಾಡಿಗೆ ಕೊಟ್ಟು, ಲಾಭದ ಪಾಲನ್ನು ದೇಣಿಗೆಯಾಗಿ ಕೊಡುವುದು ಹಲವೆಡೆ ಹೆಚ್ಚು ಹಗುರ.

ಮೂರನೆಯದು ಜಿಎಸ್‌ಟಿ. ಸರಕಷ್ಟೇ ಮಾರುವವರಿಗೆ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ ಎಂದು ನೆಮ್ಮದಿಯಾಗಿರುತ್ತಾರೆ. ಆದರೆ ವಹಿವಾಟನ್ನು ಎಣಿಸುವುದು ಪ್ಯಾನ್ ಸಂಖ್ಯೆಯ ಮೇಲೆ, ತೆರಿಗೆ ವಿನಾಯಿತಿಯಿರುವ ಸೇವೆಯನ್ನೂ ಸೇರಿಸಿ. ಅದೇ ಸೊಸೈಟಿಯ ಹೆಸರಲ್ಲಿ ಶಾಲೆ, ಆಸ್ಪತ್ರೆ ಇದ್ದರೆ ಮಿತಿ ಮೊದಲೇ ದಾಟಿರುತ್ತದೆ. ಬ್ರೆಡ್ಡಿಗೆ ತೆರಿಗೆ ಇಲ್ಲ, ಕೇಕು, ಬಿಸ್ಕತ್ತಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ಇದೆ.

ಇನ್ನು ಏಳೆಂಟು ವರ್ಷದ ಸಾಲ ಮಾಡಿ ಉದ್ಯಮ ಹೂಡುವವರು ಮಕ್ಕಳ ಸಂಖ್ಯೆ ಹೀಗೆಯೇ ಇರುತ್ತದೆಂದು ಭಾವಿಸಬಾರದು. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂಬುದು ಬಾಲನ್ಯಾಯ ಕಾಯ್ದೆಯ ಮೂಲತತ್ವ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಮಗು ತನ್ನ ಅಮ್ಮನ, ಅಜ್ಜಿಯ ಮನೆಯಲ್ಲೇ ಬೆಳೆಯಲು ತಿಂಗಳಿಗೆ 4,000 ರೂ. ಪ್ರಾಯೋಜನೆ ಇದೆ. ಬಡತನದಿಂದಲೇ ಅನಾಥಾಲಯ ಸೇರಿದ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿ ಮನೆಗೆ ಕಳಿಸುತ್ತಾ ಹೋದರೆ 40 ಇದ್ದದ್ದು 15 ಆಗಬಹುದು, ಆಗಬೇಕಾದದ್ದೂ ಅದೇ. ಬೇಕರಿಯ ತಿಂಗಳ 20,000 ರೂಪಾಯಿ 40 ಮಕ್ಕಳ ಮನೆಯನ್ನು ನಡೆಸಲಾರದು. ಅದೇ ಮೊತ್ತ, ಸರ್ಕಾರದ ನೆರವು ಇನ್ನೂ ಕೈಸೇರದ ಐದು ಮಕ್ಕಳನ್ನು ಅವರವರ ಮನೆಯಲ್ಲೇ ಉಳಿಸಬಲ್ಲುದು. ಟ್ರಸ್ಟ್ ಡೀಡಿನ ಉದ್ದೇಶಗಳಲ್ಲಿ ‘ಅನಾಥಾಲಯ ನಡೆಸುವುದು’ ಎಂದಷ್ಟೇ ಇದ್ದರೆ ಆ ಹಣವನ್ನು ಹಾಗೆ ಕೊಡುವುದಕ್ಕೂ ತೊಡಕಾಗುತ್ತದೆ. ಓವನ್ನಿಗೆ ಆರ್ಡರ್ ಕೊಡುವ ಮುಂಚೆ ವಕೀಲರಿಂದ ಆ ಸಾಲನ್ನು ಓದಿಸಿ, ಬದಲಿಸಬೇಕಾದ ಕ್ರಮ ಏನೆಂದು ಕೇಳಿಟ್ಟುಕೊಳ್ಳಬೇಕು.